ಗೇಮ್ ಕಥೆಯ ಸಂಭಾಷಣೆ ಚೆನ್ನಾಗಿದೆಯೋ ಇಲ್ಲವೋ, ಪರೀಕ್ಷೆ ಮಾಡುವುದು ಹೇಗೆ?

ಬಂದರ್_ಬರಹ

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ನಾವು ನಾಲ್ಕು ಜನ ಸೇರಿ ಮಾಡ್ತಿರುವ ಒಂದು ಸಣ್ಣ ಕಥಾ ಗೇಮ್‌ನ ಸಂಭಾಷಣೆ ಬಗ್ಗೆ ಸಲಹೆ ಬೇಕು. ಕಥೆ ನಡೆಯುವುದು ಮಲ್ಪೆ ಬಂದರಿನಲ್ಲಿ, ಮೇ ಕೊನೆಯ ವಾರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ ಬೀಳುತ್ತದಲ್ಲ, ಅದರ ಮುಂಚಿನ ದಿನಗಳು. ಬೋಟಿನಿಂದ ಇಳಿದ ಅಪ್ಪ ಮನೆಗೆ ಬಂದಿಲ್ಲ. ಹುಡುಕಿಕೊಂಡು ಹೊರಡುವುದು ಮಗಳೋ ಮಗನೋ ಅಂತ ಆಟಗಾರರೇ ಆರಿಸಬಹುದು, ಹೆಸರನ್ನೂ ಅವರೇ ಇಡಬಹುದು. ಒಟ್ಟು 11 ದೃಶ್ಯ, ಸುಮಾರು 9,000 ಪದ. ಮೂರು ವಾರ ಬಿಟ್ಟು ಧ್ವನಿ ಮುದ್ರಣ.

ತೊಂದರೆ ಇಷ್ಟೆ: ಸ್ಕ್ರಿಪ್ಟ್ ಓದಿದವರೆಲ್ಲ ಚೆನ್ನಾಗಿದೆ ಅಂತಾರೆ. ಆಡಿದವರು ಬಟನ್ ಒತ್ತಿ ಒತ್ತಿ ದಾಟಿಸ್ತಾರೆ. ಒಂದು ತುಂಡು ಇಲ್ಲಿ ಹಾಕ್ತೇನೆ. ಸುಮಾ ಅಂದರೆ ಆಟಗಾರರ ಪಾತ್ರ (ಇದು ಉದಾಹರಣೆಗೆ ಇಟ್ಟ ಹೆಸರು), ದಾಮಣ್ಣ ಅಪ್ಪ ಹೋಗುವ ಬೋಟಿನ ತಂಡೇಲ, ಅಂದರೆ ಬೋಟ್ ನಡೆಸುವವನು. ಇದರ ಹಿಂದಿನ ದೃಶ್ಯದಲ್ಲಿ ಆಟಗಾರ ಬೋಟ್ ಹತ್ತಿ ನೋಡಬಹುದು, ನೋಡದೆಯೂ ಇರಬಹುದು. ನೋಡಿದರೆ ಅಲ್ಲಿ ಅಪ್ಪನ ಚಪ್ಪಲಿ ಕಾಣುತ್ತದೆ.

ಸುಮಾ: ದಾಮಣ್ಣ, ನಿನಗೆ ಗೊತ್ತಿರುವ ಹಾಗೆ ನನ್ನ ಅಪ್ಪ ಹತ್ತು ವರ್ಷದಿಂದ ನಿನ್ನ ಜೊತೆ ಕಡಲಿಗೆ ಹೋಗುತ್ತಿದ್ದಾರೆ. ನಿನ್ನೆ ರಾತ್ರಿಯಿಂದ ಅವರು ಕಾಣೆಯಾಗಿದ್ದಾರೆ. ನನಗೆ ತುಂಬಾ ಭಯವಾಗುತ್ತಿದೆ.
ದಾಮಣ್ಣ: ಸುಮಾ, ನಾನು ಕೂಡ ಚಿಂತೆಯಲ್ಲಿದ್ದೇನೆ. ಆದರೆ ನನ್ನ ಮೇಲೆ ಸಾಲ ಇದೆ, ಆದ್ದರಿಂದ ಪೊಲೀಸರಿಗೆ ಹೇಳಲಾರೆ. ನೀನು ಐಸ್ ಪ್ಲಾಂಟಿಗೆ ಹೋಗಿ ಮ್ಯಾನೇಜರ್ ಹತ್ತಿರ ಕೇಳು.

ಆಯ್ಕೆಗಳು:
1. ಸರಿ, ಹೋಗುತ್ತೇನೆ.
2. ನೀವು ಸುಳ್ಳು ಹೇಳುತ್ತಿದ್ದೀರಿ!
3. ಅಪ್ಪನ ಬಗ್ಗೆ ಇನ್ನಷ್ಟು ಹೇಳಿ.

ತಪ್ಪು ಬರವಣಿಗೆಯದ್ದೇ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ? "ನಂಗೆ ಇಷ್ಟ ಆಯ್ತು, ಇಲ್ಲ" ಅನ್ನುವುದನ್ನು ಬಿಟ್ಟು ಬೇರೆ ಅಳತೆ ಉಂಟಾ?

ಅರ್ಥಗಾರಿಕೆ

ಓದಿದವರು ಹೊಗಳಿ ಆಡಿದವರು ದಾಟಿಸಿದರೆ ಆಡಿದವರ ಮಾತನ್ನೇ ನಂಬಿ. ಕಾಗದದಲ್ಲಿ ಓದುವವರಿಗೆ ಮಾತು ಬಿಟ್ಟರೆ ಬೇರೇನೂ ಇಲ್ಲ. ಆಡುವವರ ಕೈಯಲ್ಲಿ ಕಂಟ್ರೋಲರ್ ಉಂಟು, ಕಣ್ಣೆದುರು ಬಂದರು ಉಂಟು, ಐದು ನಿಮಿಷ ಹಿಂದೆ ಅವರೇ ಬೋಟಿಗೆ ಹೋಗಿ ಚಪ್ಪಲಿ ನೋಡಿ ಬಂದಿದ್ದಾರೆ. ಅವರಿಗೆ ಈಗಾಗಲೇ ಗೊತ್ತಿರುವುದನ್ನು ಹೇಳುವ ಸಾಲು ಎಷ್ಟೇ ಚಂದ ಇದ್ದರೂ ಅಡ್ಡ ನಿಂತ ಬಾಗಿಲು. ಹಾಗಾಗಿ ಪ್ರತಿ ಸಾಲಿಗೂ ಕೇಳಬೇಕಾದ ಪ್ರಶ್ನೆ: ಈ ಹೊತ್ತಿಗೆ ಆಟಗಾರನಿಗೆ ಏನು ಗೊತ್ತು, ಈಗಷ್ಟೆ ಏನು ಮಾಡಿದ, ಮುಂದೆ ಏನು ಮಾಡಬೇಕು ಅಂತ ತವಕಿಸುತ್ತಿದ್ದಾನೆ?

ನಿಮ್ಮ ತುಂಡನ್ನು ಹಾಗೆ ನೋಡಿ. "ನಿನಗೆ ಗೊತ್ತಿರುವ ಹಾಗೆ" ಅಂತ ಶುರುವಾಗುವ ಮಾತು ದಾಮಣ್ಣನಿಗಲ್ಲ, ಪರದೆಯ ಈಚೆ ಕೂತವನಿಗೆ. ದಾಮಣ್ಣನಿಗೆ ಗೊತ್ತೇ ಉಂಟಲ್ಲ. "ಭಯವಾಗುತ್ತಿದೆ", "ಚಿಂತೆಯಲ್ಲಿದ್ದೇನೆ" ಇವು ನಟರಿಗೆ ಕೊಡಬೇಕಾದ ಸೂಚನೆಗಳು, ಮಾತಾಗಿ ಬಂದುಬಿಟ್ಟಿವೆ. ಇನ್ನು ಸಾಲದ ಗುಟ್ಟು. ಕೇಳುವ ಮೊದಲೇ ಬಾಯಿ ಬಿಡುವ ಮನುಷ್ಯನನ್ನು ಆಟಗಾರ ಮುಂದಿನ ದೃಶ್ಯದಲ್ಲಿ ಯಾಕೆ ಅನುಮಾನಿಸಬೇಕು? ಜೊತೆಗೆ ಸುಮಾ ಮೊದಲ ಸಾಲಿನಲ್ಲಿ "ನಿನಗೆ" ಅನ್ನುತ್ತಾಳೆ, ಆಯ್ಕೆಯಲ್ಲಿ "ನೀವು" ಅನ್ನುತ್ತಾಳೆ. ಅಪ್ಪನ ಪ್ರಾಯದ ತಂಡೇಲನಿಗೆ ನಮ್ಮ ಕಡೆ ಹುಡುಗಿ ನೀವು ಅಂತಲೇ ಹೇಳುವುದು. ಸಿಟ್ಟು ಬಂದಾಗ ನೀನು ಅಂದರೆ ಅದೊಂದು ಘಟನೆ, ಅದನ್ನು ಕಥೆಯ ಒಂದೇ ಒಂದು ಜಾಗಕ್ಕೆ ಉಳಿಸಿಡಿ.

ನಾನಾದರೆ ಹೀಗೆ ತಿದ್ದುತ್ತೇನೆ:

(ದಾಮಣ್ಣ ಬಲೆ ಹೊಲಿಯುತ್ತಿದ್ದಾನೆ. ತಲೆ ಎತ್ತುವುದಿಲ್ಲ.)
ಸುಮಾ: ದಾಮಣ್ಣ, ಅಪ್ಪ ನಿಮ್ಮೊಟ್ಟಿಗೇ ಇಳಿದದ್ದಲ್ವಾ?
ದಾಮಣ್ಣ: ಊಟ ಆಯ್ತಾ ನಿಂದು?
ಸುಮಾ: ಚಪ್ಪಲಿ ಇನ್ನೂ ಬೋಟಲ್ಲೇ ಉಂಟು.
ದಾಮಣ್ಣ: ಐಸ್ ಪ್ಲಾಂಟಿನ ಕಡೆ ಹೋಗ್ಬೇಡ. ಈಗ ಹೋಗ್ಬೇಡ.

ಪದಗಳು ಅರ್ಧಕ್ಕಿಂತ ಕಡಿಮೆ ಆದವು, ಆದರೆ ಕೆಲಸ ಹೆಚ್ಚಾಯಿತು. ಊಟದ ಪ್ರಶ್ನೆಯಲ್ಲಿ ಪ್ರೀತಿಯೂ ಉಂಟು, ತಪ್ಪಿಸಿಕೊಳ್ಳುವುದೂ ಉಂಟು. "ಹೋಗ್ಬೇಡ" ಅಂದ ಕೂಡಲೇ ಎಲ್ಲಿಗೆ ಹೋಗಬೇಕು ಅಂತ ಆಟಗಾರನಿಗೆ ಗೊತ್ತಾಯಿತು, ಯಾಕೆ ಹೋಗಬೇಕು ಅಂತಲೂ. "ಮ್ಯಾನೇಜರ್ ಹತ್ತಿರ ಕೇಳು" ಅಂದಿದ್ದರೆ ಎಲ್ಲಿಗೆ ಅಂತ ಮಾತ್ರ ಗೊತ್ತಾಗುತ್ತಿತ್ತು. ಚಪ್ಪಲಿಯ ಸಾಲು ಬೋಟ್ ಹತ್ತಿ ನೋಡಿದವರಿಗೆ ಮಾತ್ರ ಬರಬೇಕು, ಆ ಷರತ್ತನ್ನು ಇಂಕ್, ಯಾರ್ನ್ ಸ್ಪಿನ್ನರ್‌ನಂಥ ಗೇಮ್ ಸಂಭಾಷಣೆ ಬರೆಯುವ ಸಾಧನಗಳಲ್ಲಿ ಒಂದೇ ಸಾಲಿನಲ್ಲಿ ಬರೆಯಬಹುದು. ನೋಡದವರಿಗೆ ಆ ಜಾಗದಲ್ಲಿ "ಅಮ್ಮ ಬಾಗಿಲಲ್ಲೇ ಕೂತಿದ್ದಾಳೆ" ಅಂತ ಏನಾದರೂ ಇಡಿ. ತಾನು ನೋಡಿದ್ದು ಮಾತಿನೊಳಗೆ ಬಂತು ಅಂತ ಆಟಗಾರನಿಗೆ ಒಮ್ಮೆ ಅನ್ನಿಸಿದರೆ ಮತ್ತೆ ದಾಟಿಸುವುದಿಲ್ಲ, ಕಾಯುತ್ತಾನೆ.

ನಮ್ಮವರಿಗೆ ಇದಕ್ಕೆ ಒಳ್ಳೆಯ ಅಳತೆ ಊರಲ್ಲೇ ಉಂಟು, ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಪದ್ಯ ಪ್ರಸಂಗದಲ್ಲಿ ಬರೆದಿಟ್ಟದ್ದು, ಅರ್ಥ (ಪಾತ್ರಧಾರಿ ಆಡುವ ಮಾತು) ಆ ಹೊತ್ತಿಗೆ ಹುಟ್ಟುವುದು. ಕರ್ಣ ಸಾಯುತ್ತಾನೆ ಅಂತ ಸಭೆಗೆಲ್ಲ ಗೊತ್ತಿದ್ದರೂ ಕೂತು ಕೇಳುವುದು, ಕೃಷ್ಣ ಎತ್ತಿದ ಮಾತಿಗೆ ಅವನು ಏನು ಹೇಳಿ ನಿಲ್ಲುತ್ತಾನೆ ಅಂತ ನೋಡಲಿಕ್ಕೆ. ಎದುರಿನವನನ್ನು ಕಿವಿಗೆ ಹಾಕಿಕೊಳ್ಳದೆ ಬಾಯಿಪಾಠ ಒಪ್ಪಿಸಿದರೆ ಸಭೆಗೆ ತಕ್ಷಣ ಗೊತ್ತಾಗುತ್ತದೆ. ಗೇಮ್‌ನಲ್ಲೂ ಕಥೆಯ ದಾರಿ ಕಟ್ಟಿಟ್ಟದ್ದೇ, ಜೀವ ಇರುವುದು ಉತ್ತರದಲ್ಲಿ. ಪರೀಕ್ಷೆ ಸುಲಭ: ಒಂದು ಉತ್ತರವನ್ನು ಎತ್ತಿ ಅದೇ ದೃಶ್ಯದ ಇನ್ನೊಂದು ಪ್ರಶ್ನೆಯ ಕೆಳಗೆ ಇಡಿ. ಅಲ್ಲಿಯೂ ಸರಿಯಾಗಿ ಕೂತರೆ ಅದು ಉತ್ತರವೇ ಆಗಿರಲಿಲ್ಲ. ನಿಮ್ಮ ಹಳೆಯ ದಾಮಣ್ಣನ ಸಾಲು ಎಲ್ಲಿ ಇಟ್ಟರೂ ಕೂರುತ್ತದೆ, ನೋಡಿ.

ಹೆಸರು ಮುಚ್ಚಿ ಓದುವ ಪರೀಕ್ಷೆಯನ್ನು ತುಂಬ ಜನ ಹೇಳುತ್ತಾರೆ, ಅಂದರೆ ಯಾರು ಮಾತಾಡಿದ್ದು ಅಂತ ಸಾಲಿನಿಂದಲೇ ಗೊತ್ತಾಗಬೇಕು ಅಂತ. ಮಾಡಿ, ಆದರೆ ಪಾಸಾಗಲಿಕ್ಕೆ ಅಂತ ಒಬ್ಬನ ಬಾಯಲ್ಲಿ ಪ್ರತಿ ಸಾಲಿಗೂ "ಮಾರಾಯ" ಸೇರಿಸಬೇಡಿ. ಒಂದೇ ಕೇರಿಯ ಇಬ್ಬರು ಒಂದೇ ಥರ ಮಾತಾಡುವುದು ಸಹಜ. ಬೇರೆ ಆಗಬೇಕಾದ್ದು ಅವರು ಏನನ್ನು ಮುಚ್ಚಿಡುತ್ತಾರೆ, ಯಾವ ಪ್ರಶ್ನೆಗೆ ಮಾತು ತಿರುಗಿಸುತ್ತಾರೆ ಅನ್ನುವುದು.

ಕದ್ರಿ_ಗುಡ್ಡೆ

ಅರ್ಥಗಾರಿಕೆಯವರು ಹೇಳಿದ್ದರಲ್ಲಿ ಒಂದು ವಿಷಯಕ್ಕೆ ನನ್ನ ಒಪ್ಪಿಗೆ ಇಲ್ಲ. ಎಲ್ಲವನ್ನೂ ಕತ್ತರಿಸಿದರೆ ಚೆನ್ನಾಗುತ್ತದೆ ಅಂತ ಓದುವವರಿಗೆ ಅನ್ನಿಸಬಾರದು. 2019ರ ಡಿಸ್ಕೋ ಎಲಿಸಿಯಂ ಗೇಮ್‌ನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪದ ಉಂಟು, ಆದರೂ ಅದರ ಸಂಭಾಷಣೆಯನ್ನು ಜನ ಮತ್ತೆ ಮತ್ತೆ ಮಾದರಿಯಾಗಿ ತೋರಿಸುತ್ತಾರೆ. ಅಷ್ಟು ಮಾತು ಹೇಗೆ ನಿಲ್ಲುತ್ತದೆ ಅಂತ ನೋಡಬೇಕು. ಪರದೆಯ ಬಲಬದಿಯ ಕಿರಿದಾದ ಪಟ್ಟಿಯಲ್ಲಿ ಮಾತು ತುಂಡು ತುಂಡಾಗಿ ಬರುತ್ತದೆ, ಉದ್ದದ ಪ್ಯಾರಾ ಒಮ್ಮೆಗೇ ಮೈಮೇಲೆ ಬೀಳುವುದಿಲ್ಲ. ನಾಯಕನ 24 ಗುಣಗಳು ಒಂದೊಂದು ಪಾತ್ರವಾಗಿ ನಡುವೆ ಬಾಯಿ ಹಾಕುತ್ತವೆ, ಅವುಗಳ ಸಲಹೆ ಕೆಲವೊಮ್ಮೆ ತಪ್ಪೂ ಆಗಿರುತ್ತದೆ. ಹಾಗಾಗಿ ಓದುವುದೇ ಅಲ್ಲಿ ಆಟ. ನಿಮ್ಮ ಗೇಮ್‌ನಲ್ಲಿ ಆಟ ಅಂದರೆ ನಡೆದು ಹುಡುಕುವುದು, ಅದಕ್ಕೆ ಮಾತು ಚಿಕ್ಕದಿರಬೇಕು. ಉದ್ದವನ್ನು ಅಳೆಯಬೇಕಾದ್ದು ಆಟಗಾರನ ಕೈ ಎಷ್ಟು ಹೊತ್ತು ಸುಮ್ಮನೆ ಇರುತ್ತದೆ ಅಂತ, ಪದ ಎಣಿಸಿ ಅಲ್ಲ.

ಆಯ್ಕೆಗಳ ಬಗ್ಗೆ ಯಾರೂ ಇನ್ನೂ ಹೇಳಲಿಲ್ಲ, ನನ್ನ ಮಟ್ಟಿಗೆ ಗೇಮ್ ಸಂಭಾಷಣೆ ಬೀಳುವುದೋ ಏಳುವುದೋ ಅಲ್ಲಿಯೇ. ನಿಮ್ಮ ಮೂರು ಆಯ್ಕೆಗಳನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದು, ಕಥೆ ಗೊತ್ತಿಲ್ಲದವರಿಗೆ ಕೊಟ್ಟು, "ಇದನ್ನು ಒತ್ತಿದರೆ ಏನಾಗುತ್ತದೆ" ಅಂತ ಕೇಳಿ. "ಸರಿ, ಹೋಗುತ್ತೇನೆ" ಅಂದರೆ ದೃಶ್ಯ ಮುಗಿಯುತ್ತದೆ. "ಇನ್ನಷ್ಟು ಹೇಳಿ" ಅಂದರೆ ಮಾಹಿತಿ ಬರುತ್ತದೆ. ಎರಡೂ ಮೆನು ಬಟನ್‌ಗಳು, ಸುಮಾ ಅನ್ನುವ ಹುಡುಗಿ ಅಲ್ಲಿ ಇಲ್ಲ. ಎರಡನೆಯದರಲ್ಲಿ ಇನ್ನೊಂದು ಅಪಾಯ: ಆಟಗಾರನಿಗೆ ಸ್ವಲ್ಪ ಸಂಶಯ ಬಂದಿದೆ ಅಷ್ಟೆ, ಅದಕ್ಕೆ ಸಿಗುವುದು ಕೂಗಾಟ. ಎಲ್.ಎ. ನೊಯಿರ್ ಅನ್ನುವ ಪತ್ತೇದಾರಿ ಗೇಮ್ 2011ರಲ್ಲಿ ಬಂದಾಗ ಇದೇ ಆಯಿತು. ವಿಚಾರಣೆಯಲ್ಲಿ ಸತ್ಯ, ಸಂಶಯ, ಸುಳ್ಳು ಅಂತ ಮೂರು ಬಟನ್. ಸಂಶಯ ಒತ್ತಿದರೆ ಪತ್ತೇದಾರ ಸಾಕ್ಷಿಯ ಮೇಲೆ ಏಕಾಏಕಿ ಹರಿಹಾಯುತ್ತಿದ್ದ. 2017ರ ಮರುಬಿಡುಗಡೆಯಲ್ಲಿ ಆ ಮೂರನ್ನೂ ಒಳ್ಳೆ ಪೊಲೀಸ್, ಕೆಟ್ಟ ಪೊಲೀಸ್, ಆರೋಪ ಅಂತ ಬದಲಾಯಿಸಿದರು. ಒತ್ತಿದ್ದಕ್ಕೂ ಕೇಳಿದ್ದಕ್ಕೂ ತಾಳ ತಪ್ಪಿದರೆ ಆಟಗಾರ ಮತ್ತೆ ಪಾತ್ರವನ್ನು ನಂಬುವುದಿಲ್ಲ. ಪ್ರತಿ ಆಯ್ಕೆಯನ್ನೂ ಒತ್ತಿ ನಂತರದ ಮೊದಲ ಸಾಲು ಮಾತ್ರ ನೋಡುತ್ತಾ ಹೋಗಿ. ಮೂರಕ್ಕೂ ಅದೇ ಸಾಲು ಹೊಂದಿಕೊಂಡರೆ ಮೂರು ಆಯ್ಕೆ ಬೇಕಾಗಿಲ್ಲ.

ಮೌನವೂ ಆಯ್ಕೆಯೇ. 2016ರ ಫೈರ್‌ವಾಚ್‌ನಲ್ಲಿ ವಾಕಿಟಾಕಿಯಲ್ಲಿ ಮಾತು, ಸಮಯದೊಳಗೆ ಉತ್ತರ ಕೊಡದಿದ್ದರೆ ಉತ್ತರ ಕೊಡಲಿಲ್ಲ ಅನ್ನುವುದೇ ಉತ್ತರ ಆಗುತ್ತದೆ. ಅಪ್ಪ ಕಾಣೆಯಾದ ಮಗುವಿಗೆ ಮೌನದ ಆಯ್ಕೆ ಇಲ್ಲದಿರುವುದು ನನಗಂತೂ ದೊಡ್ಡ ಕೊರತೆ ಅನ್ನಿಸುತ್ತದೆ.

ಪಡುಬಿದ್ರಿ_ಎಕ್ಸ್‌ಪ್ರೆಸ್

ಮತ್ತೆ ಮತ್ತೆ ಕೇಳಿಬರುವ ಸಾಲುಗಳನ್ನು ಬೇರೆಯಾಗಿ ಪರೀಕ್ಷಿಸಿ. ಬಂದರಿನಲ್ಲಿ ಮೀನು ವಿಂಗಡಿಸುವ ಹೆಂಗಸರು, ಚಾದಂಗಡಿಯವರು, ಬಸ್ ಕಂಡಕ್ಟರ್ ಇವರ ಹತ್ತಿರ ಆಟಗಾರ ಹತ್ತು ಸಲ ಹೋಗುತ್ತಾನೆ. ಬರೆಯುವವರು ಮೊದಲನೆ ಸಲಕ್ಕೆ ಮಾತ್ರ ಬರೆದಿರುತ್ತಾರೆ.

ಇದಕ್ಕೆ ಒಂದು ನಿಯಮ ನಂಬಬಹುದು: ನಿಜ ಜೀವನದಲ್ಲಿ ಏನನ್ನು ಸಾವಿರ ಸಲ ಹೇಳುತ್ತಾರೋ ಅದನ್ನು ಗೇಮ್‌ನಲ್ಲೂ ಹೇಳಿಸಬಹುದು. ಕಂಡಕ್ಟರ್ ಪ್ರತಿ ಸ್ಟಾಪಿನಲ್ಲೂ "ರೈಟ್ ಪೋಯಿ" (ರೈಟ್, ಹೋಗುವ) ಅಂದರೆ ಯಾರಿಗೂ ಬೇಸರ ಇಲ್ಲ, ಅಂದದ್ದು ನಿಂತರೇ ಬಸ್ಸಿಗೆ ಏನಾಯಿತು ಅನ್ನಿಸುತ್ತದೆ. ಆದರೆ ಅದೇ ಕಂಡಕ್ಟರ್ ಎರಡು ಸಲ "ನನ್ನ ತಂಗಿ ಮದುವೆ ಮುರಿದುಹೋಯ್ತು" ಅಂದರೆ ಅವನು ಮನುಷ್ಯ ಅಲ್ಲ, ಟೇಪು. 2011ರ ಸ್ಕೈರಿಮ್‌ನಲ್ಲಿ ಕಾವಲುಗಾರರು ಮೊಣಕಾಲಿಗೆ ಬಾಣ ಬಿದ್ದ ಮೇಲೆ ಸಾಹಸ ಬಿಟ್ಟೆ ಅನ್ನುವ ಸಾಲು ಲೋಕಪ್ರಸಿದ್ಧ ಆದದ್ದು ಇದಕ್ಕೇ. ಒಂಟಿಯಾಗಿ ಕೇಳಿದರೆ ಅದು ಒಳ್ಳೆಯ ಸಾಲು, ಒಬ್ಬನ ಇಡೀ ಬದುಕು ಅದರಲ್ಲಿ ಉಂಟು. ಊರೂರಿನ ಕಾವಲುಗಾರರಿಗೆಲ್ಲ ಅದೇ ಬದುಕು ಇರಲಿಕ್ಕೆ ಸಾಧ್ಯವಿಲ್ಲ ಅನ್ನುವುದೇ ತೊಂದರೆ.

ಹಾಗಾಗಿ ಸಾಲುಗಳನ್ನು ಎರಡು ರಾಶಿ ಮಾಡಿ. ಕೂಗು, ನಮಸ್ಕಾರ, ದರ ಹೇಳುವುದು ಒಂದು ರಾಶಿ, ಎಷ್ಟು ಸಲ ಬೇಕಾದರೂ ಬರಲಿ. ಸುದ್ದಿ, ಗುಟ್ಟು, ಸ್ವಂತ ವಿಷಯ ಇನ್ನೊಂದು ರಾಶಿ, ಒಮ್ಮೆ ಬಂದರೆ ಮುಗಿಯಿತು ಅಂತ ಗುರುತು ಹಾಕಿ. 2020ರ ಹೇಡೀಸ್‌ನಲ್ಲಿ 20 ಸಾವಿರಕ್ಕೂ ಹೆಚ್ಚು ಧ್ವನಿ ಸಾಲುಗಳಿವೆ. ಅಲ್ಲಿ ಸಾಲುಗಳಿಗೆ ಷರತ್ತು, ಆದ್ಯತೆ ಇಟ್ಟಿದ್ದಾರೆ. ಆಟಗಾರ ಈಗಷ್ಟೆ ಯಾರ ಕೈಯಲ್ಲಿ ಸೋತ ಅನ್ನುವಂಥ ಬಿಸಿ ವಿಷಯ ಮುಂದೆ ಬರುತ್ತದೆ, ಸಾಮಾನ್ಯ ಮಾತು ಹಿಂದೆ ಸರಿಯುತ್ತದೆ. 11 ದೃಶ್ಯದ ಗೇಮ್‌ಗೆ ಅಷ್ಟೆಲ್ಲ ಬೇಡ. ಒಬ್ಬೊಬ್ಬ ಪಕ್ಕದ ಪಾತ್ರಕ್ಕೆ ಮೊದಲ ಭೇಟಿಗೆ ಒಂದು, ಕಥೆ ತಿರುಗಿದ ಮೇಲೆ ಒಂದು, ಸುಮ್ಮನೆ ಹೋದಾಗ ಮೂರು ಚಿಕ್ಕ ಸಾಲು ಸಾಕು.

ಆಡಿಸಿ ನೋಡುವಾಗ ಐದು ಜನರ ಪರದೆಯನ್ನು ರೆಕಾರ್ಡ್ ಮಾಡಿ, ಪಕ್ಕದಲ್ಲಿ ಕೂತು ಏನೂ ವಿವರಿಸಬೇಡಿ. ಎಲ್ಲಿ ದಾಟಿಸಿದರು ಅಂತ ಸ್ಕ್ರಿಪ್ಟಿನಲ್ಲಿ ಗುರುತು ಹಾಕಿ. ಒಬ್ಬರು ದಾಟಿಸಿದ ಸಾಲು ಬಿಡಿ. ಮೂರು ಜನ ಒಂದೇ ಸಾಲಿನಲ್ಲಿ ದಾಟಿಸಿದರೆ ಆ ಸಾಲಲ್ಲ, ಅದರ ಹಿಂದಿನ ಎರಡು ಮೂರು ಸಾಲು ನೋಡಿ. ಬೇಸರ ಹುಟ್ಟುವುದು ಅಲ್ಲಿ, ಬಟನ್ ಒತ್ತುವುದು ಇಲ್ಲಿ. ದೃಶ್ಯ ಮುಗಿದು ಹತ್ತು ನಿಮಿಷ ಬಿಟ್ಟು ಕೇಳಿ: ಈಗ ಎಲ್ಲಿಗೆ ಹೋಗಬೇಕು, ಯಾಕೆ? "ಎಲ್ಲಿಗೆ" ಹೇಳಿ "ಯಾಕೆ"ಗೆ ತಡವರಿಸಿದರೆ ಬರವಣಿಗೆಯ ತಪ್ಪು. "ಯಾಕೆ" ಹೇಳಿ "ಎಲ್ಲಿಗೆ" ಗೊತ್ತಿಲ್ಲದಿದ್ದರೆ ಹೆಚ್ಚಾಗಿ ಮ್ಯಾಪಿನದ್ದೋ ದೃಶ್ಯ ಜೋಡಣೆಯದ್ದೋ ತಪ್ಪು, ಮಾತನ್ನು ಮುಟ್ಟಬೇಡಿ.

ಬಂದರ್_ಬರಹ

ತುಂಬ ಉಪಕಾರ. ದಾಮಣ್ಣನ "ಊಟ ಆಯ್ತಾ ನಿಂದು" ನೋಡಿ ನಮ್ಮಲ್ಲಿ ಎಲ್ಲರಿಗೂ ಎಲ್ಲಿ ತಪ್ಪಿದ್ದು ಅಂತ ಗೊತ್ತಾಯಿತು. ಭಾಷೆಯ ಬಗ್ಗೆ ಎರಡು ಪ್ರಶ್ನೆ. ಎಲ್ಲರ ಬಾಯಲ್ಲೂ ಮಂಗಳೂರು ಕನ್ನಡ ಹಾಕುವುದಾ? ಆಟಗಾರ ಇಟ್ಟ ಹೆಸರು ಮಾತಿನೊಳಗೆ ಬರುವಾಗ ಕನ್ನಡ ಕೆಡುತ್ತದೆ, ಅದಕ್ಕೆ ಏನು ದಾರಿ?

ಕಾಗುಣಿತ

ಮೊದಲ ಪ್ರಶ್ನೆಗೆ: ಮಲ್ಪೆಯ ಮೊಗವೀರ ತಂಡೇಲನೂ ಆ ಮಗುವೂ ನಿಜಕ್ಕೂ ಮಾತಾಡುವುದು ತುಳು. ಅಂದರೆ ನಿಮ್ಮ ಗೇಮ್‌ನ ಕನ್ನಡ ತುಳುವಿನ ಜಾಗದಲ್ಲಿ ನಿಂತಿದೆ. ಇದನ್ನು ಒಪ್ಪಿಕೊಂಡು ಬರೆದರೆ ಅರ್ಧ ಗೊಂದಲ ಹೋಗುತ್ತದೆ. ತಮ್ಮತಮ್ಮೊಳಗೆ ಮಾತಾಡುವಾಗ ಸಲೀಸಾದ ಕರಾವಳಿ ಕನ್ನಡ ಕೊಡಿ. ಕರೆಯುವ ಮಾತು, ಕೂಗು, ಬೈಗುಳ ಮಾತ್ರ ತುಳುವಿನಲ್ಲೇ ಉಳಿಯಲಿ. ತುಳುವಿನಲ್ಲೂ ಈ, ಈರ್ ಅಂತ ಎರಡು ಇರುವುದರಿಂದ ನೀನು, ನೀವು ಸರಿಯಾಗಿ ಹೊಂದುತ್ತದೆ. ಹೊರಗಿನಿಂದ ಬಂದ ಅಧಿಕಾರಿಯ ಎದುರು ಅದೇ ದಾಮಣ್ಣ ಸ್ವಲ್ಪ ಪುಸ್ತಕದ ಕನ್ನಡಕ್ಕೆ ಏರಲಿ, ವಾಕ್ಯ ಚಿಕ್ಕದಾಗಲಿ. ಅಧಿಕಾರಿ "ಇದೆ, ಬರತ್ತೆ" ಅಂದರೆ ದಾಮಣ್ಣ "ಉಂಟು, ಬರ್ತದೆ" ಅಂತಾನೆ. ಅಷ್ಟು ವ್ಯತ್ಯಾಸದಲ್ಲೇ ಯಾರ ಕೈ ಮೇಲೆ ಅಂತ ಕಾಣುತ್ತದೆ. ಉಂಟು, ಎಂತ, ಒಟ್ಟಿಗೆ, ಹೋಗ್ತದೆ, ಮಾಡುದು ಇಂಥ ಐದಾರು ಗುರುತು ಸಾಕು. ಪ್ರತಿ ಪದವನ್ನೂ ಉಚ್ಚಾರದ ಹಾಗೆ ಮುರಿದು ಬರೆದರೆ ಓದುವ ವೇಗ ಬೀಳುತ್ತದೆ. ಕುಂದಾಪುರದವರ ಪಾತ್ರ ಇದ್ದರೆ ಮಾತ್ರ ಅಂದಾಜಿನಲ್ಲಿ ಬರೆಯಬೇಡಿ, ಆ ಕನ್ನಡವೇ ಬೇರೆ, ಅಲ್ಲಿಯವರ ಹತ್ತಿರ ತಿದ್ದಿಸಿ.

ಹೆಸರಿನ ವಿಷಯ: ವಿಭಕ್ತಿ ಪ್ರತ್ಯಯ ಹೆಸರಿನ ಕೊನೆಯ ಅಕ್ಷರ ನೋಡಿ ಬದಲಾಗುತ್ತದೆ. ರಾಮನನ್ನು, ಗಿರಿಯನ್ನು, ರಾಜುವನ್ನು. ಪ್ರೋಗ್ರಾಂ ಹೆಸರಿಗೆ "ನನ್ನು" ಅಂಟಿಸಿದರೆ "ಗಿರಿನನ್ನು" ಆಗುತ್ತದೆ. ಹೆಸರು ಯಾವಾಗಲೂ ಪ್ರತ್ಯಯ ಇಲ್ಲದೆ ಬರುವ ಹಾಗೆ ವಾಕ್ಯ ತಿರುಗಿಸಿ. "ಸುಮಾಳನ್ನು ನೋಡಿದ್ರಾ" ಬದಲು "ಸುಮಾ ಈ ಕಡೆ ಬಂದದ್ದುಂಟಾ". ಇದರಲ್ಲಿ ಇನ್ನೊಂದು ಲಾಭ: ಬಂದ, ಬಂದಳು ಅನ್ನುವ ಲಿಂಗದ ತೊಂದರೆಯೂ ಹೋಯಿತು. ಕನ್ನಡದಲ್ಲಿ ಎದುರಿಗೆ ನಿಂತು ಆಡುವ ಮಾತಿಗೆ ಲಿಂಗ ಇಲ್ಲ; ಬಂದೆ, ಹೋಗು, ಊಟ ಆಯ್ತಾ ಎಲ್ಲ ಇಬ್ಬರಿಗೂ ಸಲ್ಲುತ್ತದೆ. ಬೇರೆಯವರು ಆಟಗಾರನ ಬಗ್ಗೆ ಮಾತಾಡುವ ಸಾಲುಗಳನ್ನು ಮಾತ್ರ ಹುಡುಕಿ ತಿದ್ದಿದರೆ ಸಾಕು. ಇನ್ನು ಧ್ವನಿ ಇರುವ ಸಾಲಿನಲ್ಲಿ ಆಟಗಾರ ಇಟ್ಟ ಹೆಸರು ಬರುವಂತೆಯೇ ಇಲ್ಲ, ರೆಕಾರ್ಡ್ ಮಾಡಲಿಕ್ಕಾಗುವುದಿಲ್ಲ. ಈಗಲೇ ತೆಗೆಯಿರಿ.

ಪರದೆಯಲ್ಲಿ ಅಕ್ಷರ ಒಂದೊಂದಾಗಿ ಮೂಡುವ ಹಾಗೆ ಮಾಡಿದ್ದರೆ ಅದನ್ನು ಬಿಡಿ. "ಸ್ತ್ರೀ" ನಮಗೆ ಒಂದು ಅಕ್ಷರ, ಕಂಪ್ಯೂಟರಿಗೆ ಆರು ಸಂಕೇತ. ಮಧ್ಯದಲ್ಲಿ ಅರ್ಕಾವತ್ತು, ಒತ್ತು ಎಲ್ಲ ಕುಣಿಯುತ್ತದೆ. ಪದ ಪದವಾಗಿ ಮೂಡಿಸಿ. ಗೇಮ್ ಕಟ್ಟುವ ಎಂಜಿನ್‌ಗಳಲ್ಲಿ ಯುನಿಟಿಯ ಅಕ್ಷರ ತೋರಿಸುವ ಭಾಗವಾದ ಟೆಕ್ಸ್ಟ್‌ಮೆಶ್ ಪ್ರೊ ಒತ್ತಕ್ಷರಗಳನ್ನು ತಾನಾಗಿ ಕೂಡಿಸುವುದಿಲ್ಲ, ಗೊಡೋ 4 ಕೂಡಿಸುತ್ತದೆ. ಒತ್ತು ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ, ಒಮ್ಮೆಗೆ ಎರಡು ಸಾಲಿಗಿಂತ ಹೆಚ್ಚು ಬೇಡ. ಆಟಗಾರರು ದಾಟಿಸುವುದಕ್ಕೆ ಇದೂ ಕಾರಣ ಇರಬಹುದು, ಅಕ್ಷರ ಒಡೆದಿದ್ದರೆ ಒಳ್ಳೆಯ ಮಾತನ್ನೂ ಯಾರೂ ಓದುವುದಿಲ್ಲ.

ಧ್ವನಿ ಮುದ್ರಣಕ್ಕೆ ಹೋಗುವ ಹಾಳೆಯಲ್ಲಿ ಪ್ರತಿ ಸಾಲಿನ ಪಕ್ಕ ಮೂರು ಕಾಲಂ ಇಡಿ: ಯಾರಿಗೆ, ಎಷ್ಟು ದೂರದಿಂದ, ಈಗಷ್ಟೆ ಏನಾಯಿತು. ಕಲಾವಿದರು ಒಬ್ಬೊಬ್ಬರಾಗಿ ಬಂದು ಹೇಳುವಾಗ ಎದುರಿನವರ ಸಾಲು ಕಿವಿಗೆ ಬೀಳುವುದಿಲ್ಲ. ಐಸ್ ಪುಡಿ ಮಾಡುವ ಯಂತ್ರದ ಪಕ್ಕ ಕೂಗಬೇಕಾದ ಮಾತನ್ನು ಪಿಸುಗುಟ್ಟಿ ಹೋಗುತ್ತಾರೆ, ಆಮೇಲೆ ಎಲ್ಲರೂ ಬರೆದವರನ್ನು ದೂರುತ್ತಾರೆ.

ಬಂದರ್_ಬರಹ

ಆಯ್ಕೆಗಳನ್ನು ತಿದ್ದಿದೆವು. "ಈಗ ಹೋಗ್ಬೇಡ" ಆದ ಮೇಲೆ ಇವು:

1. ನಾನು ಅಲ್ಲಿಗೇ ಹೋಗುದು.
2. ಯಾಕೆ ಹೋಗ್ಬಾರ್ದು?
3. (ಏನೂ ಹೇಳದೆ ಬೋಟಿನ ಕಡೆ ನೋಡು)

ಕದ್ರಿ_ಗುಡ್ಡೆ

ಒಂದನೆಯದು ಸರಿಯಾಗಿದೆ, ಹಟ ಕಾಣುತ್ತದೆ. ಎರಡನೆಯದು ಮತ್ತೆ ಮಾಹಿತಿ ಕೇಳುವ ಬಟನ್ ಆಯಿತು. ಅದಕ್ಕೆ ದಾಮಣ್ಣ ವಿವರಣೆಯೇ ಕೊಡಬೇಕಾಗುತ್ತದೆ, ನೀವು ಹಳೆಯ ಜಾಗಕ್ಕೇ ಬರುತ್ತೀರಿ. "ನೀವು ಹೋಗಿದ್ರಾ ಅಲ್ಲಿಗೆ?" ಅಂತ ಮಾಡಿ. ಆಗ ಅವನು ಹೌದು ಅಂದರೂ ಇಲ್ಲ ಅಂದರೂ ಸಿಕ್ಕಿಬೀಳುತ್ತಾನೆ. ಮೂರನೆಯದನ್ನು ಹಾಗೇ ಬಿಡಿ, ಅದಕ್ಕೆ ಉತ್ತರದ ಸಾಲು ಬರೆಯಬೇಡಿ. ಬಲೆ ಹೊಲಿಯುವ ಕೈ ಎರಡು ಸೆಕೆಂಡ್ ನಿಂತು ಮತ್ತೆ ಶುರುವಾಗಲಿ.